ನಮ್ಮಪ್ಪನ ಸ್ತೋತ್ರಕ್ಕೆ ನಾನು ಮಾಡಿದ ಭಾಷಾಂತರ

ಈ ಬರಹದಲ್ಲಿ ದೋಷಗಳಿರುವುದು ನಿಶ್ಚಿತ. ಮೂರು ಸಲ ತಿದ್ದಿ, ನಾಲ್ಕನೆಯ ಸಲ ಶುದ್ಧಪ್ರತಿ ಮಾಡಿದ ಮೇಲೂ ಹೀಗೆ ಹೇಳುತ್ತಿರುವುದನ್ನು ಓದುಗರು ವಿನಯವೆಂದು ಭಾವಿಸಬಾರದು, ಅನುಭವವೆಂದು ಭಾವಿಸಬೇಕು. ನಮ್ಮ ವಂಶದಲ್ಲಿ ಪದವಿಯ ಮುಖ ಕಂಡವರಲ್ಲಿ ಮೊದಲನೆಯವನು ನಾನು. ಅಂಥವನಿಗೆ ಒಂದು ವಾಕ್ಯ ಬರೆದ ಕೂಡಲೇ ಯಾರೋ ಬೆನ್ನ ಹಿಂದೆ ನಿಂತು ಅದನ್ನು ಓದುತ್ತಿದ್ದಾರೆಂಬ ಸಂಶಯ ಹುಟ್ಟುತ್ತದೆ. ಚರ್ಚಿನ ಸಭಾಪಾಲಕನ ಕೆಲಸದಿಂದ ನಾನು ನಿವೃತ್ತನಾದೆ. ಆ ಸಂಶಯ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಆದುದರಿಂದ ಎಲ್ಲಿಯಾದರೂ ವಾಕ್ಯ ತಡವರಿಸಿದರೆ ಕ್ಷಮಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಹೊಸದಾಗಿ ಸಭಾಪಾಲನೆಗೆ ಬರುತ್ತಿರುವ ತರುಣರು ಈಚೆಗೆ ನನ್ನಲ್ಲಿಗೆ ಬಂದು, ಈ ವೃತ್ತಿಯಲ್ಲಿ ಜಾಗ್ರತೆ ವಹಿಸಬೇಕಾದುದೇನು ಎಂದು ಕೇಳಿದರು. ನಾನು ಯಾವ ಯಾವ ಸಮಿತಿಗಳಲ್ಲಿದ್ದೆ, ಯಾವ ಸ್ಥಾನಕ್ಕೇರಿದೆ ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕದ ನಡುವಿನವರೆಗೆ ಮಾನ್ವಿ, ದೇವದುರ್ಗ, ರಾಯಚೂರುಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಿದರೆ ಉಪಯೋಗವಾದೀತು. ತಪ್ಪು ಒಂದೇ, ಆದರೆ ಅದನ್ನು ಸುಮಾರು ಹತ್ತು ವರ್ಷ ಎಡೆಬಿಡದೆ ಮಾಡಿದೆ.

ನನ್ನ ಮೊದಲ ನೇಮಕ ಮಾನ್ವಿಗೆ. ಮಾನ್ವಿಯ ಜೊತೆಗೆ ಪೋತ್ನಾಳದ ಚಿಕ್ಕ ಸಭೆಯನ್ನೂ ನಾನೇ ನೋಡಿಕೊಳ್ಳಬೇಕಾಗಿತ್ತು. ಬೆಳಿಗ್ಗೆ ಮಾನ್ವಿಯ ಆರಾಧನೆ ಮುಗಿಸಿ, ಸೈಕಲ್ ಏರಿ ಪೋತ್ನಾಳಕ್ಕೆ ಹೋಗುತ್ತಿದ್ದೆ. ಸಭಿಕರಲ್ಲಿ ಬಹುಪಾಲು ಜನ ಭತ್ತದ ಗದ್ದೆಗಳಲ್ಲಿ ನಾಟಿ ಮಾಡುವ ಕೂಲಿಯವರು. ನಮ್ಮ ಆರಾಧನೆಯ ನಡುವೆ 'ಸ್ತೋತ್ರದ ಹೊತ್ತು' ಎಂದು ಒಂದಿರುತ್ತದೆ. ಆ ವಾರ ದೇವರ ಕೃಪೆಯನ್ನು ಕಂಡವರು ಎದ್ದು ನಿಂತು, ಎಲ್ಲರೆದುರು ಅದನ್ನು ಹೇಳಿ, ಆತನಿಗೆ ಕೃತಜ್ಞತೆ ಸಲ್ಲಿಸುವ ಪದ್ಧತಿ. ಕೂಸು ಹುಟ್ಟಿತು, ಜ್ವರ ಇಳಿಯಿತು, ಕಾಲುವೆಯ ನೀರು ಕಡೆಯ ಹೊಲದವರೆಗೂ ಬಂದಿತು, ಇಂಥವು. ನಾನು ಹೋದ ಮೊದಲ ಭಾನುವಾರವೇ ಒಬ್ಬ ಮುದುಕ ಎದ್ದು, "ಯಪ್ಪಾ ದೇವ್ರೇ, ಈ ವಾರ ಚೊಲೋ ನೋಡ್ಕೊಂಡಿ. ಮುಂದಿನ ವಾರನೂ ಹಿಂಗs ಇರು" ಎಂದು ಹೇಳಿ ಕುಳಿತ. ಇಂದು ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಪ್ರಾರ್ಥನೆಯನ್ನು ನಾನು ಕೇಳಿಲ್ಲ. ಅಂದು ಮಾತ್ರ ನನಗೆ ಬೆವರು ಬಂದಿತು. ಕರ್ತೃಪದವಿಲ್ಲ, ಕರ್ಮಪದವಿಲ್ಲ, ದೇವರಿಗೆ ಆಜ್ಞೆ ಬೇರೆ.

ಸುಧಾರಣೆ ಮಾಡಲು ನಿಶ್ಚಯಿಸಿದೆ. ಒಂದು ಗೆರೆಯಿರುವ ಪುಸ್ತಕ ತಂದು, ಸ್ತೋತ್ರ ಹೇಳಬೇಕೆನ್ನುವವರು ಗುರುವಾರದೊಳಗೆ ಹೆಸರನ್ನೂ ವಿಷಯವನ್ನೂ ಅದರಲ್ಲಿ ಬರೆಯಿಸಬೇಕೆಂದು ಪ್ರಕಟಿಸಿದೆ. ಅಷ್ಟಕ್ಕೆ ತೃಪ್ತಿಯಾಗದೆ ಐದು ಮಾದರಿ ಸ್ತೋತ್ರಗಳನ್ನು ರಚಿಸಿದೆ: ರೋಗಮುಕ್ತಿಗೆ ಒಂದು, ಹೆರಿಗೆಗೆ ಒಂದು, ಪ್ರಯಾಣಕ್ಕೆ ಒಂದು, ಮಳೆಗೆ ಒಂದು, ಪರೀಕ್ಷೆಗೆ ಒಂದು. ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ. ಓದು ಬಾರದವರು ಓದು ಬರುವವರಿಂದ ಕೇಳಿ ಕಂಠಪಾಠ ಮಾಡಬೇಕೆಂಬುದು ನನ್ನ ಯೋಜನೆ. ಜನ ಪಾಪ, ಮಾಡಿದರು.

ಆ ವರ್ಷ ಬೆಳೆಹಬ್ಬದ ಆರಾಧನೆಗೆ ನಮ್ಮ ಮೇಲ್ವಿಚಾರಕರಾದ ಪ್ರಭುದಾಸಪ್ಪನವರು ಪೋತ್ನಾಳಕ್ಕೆ ಬಂದರು. ಅವರ ಕೈಕೆಳಗೆ ಇಪ್ಪತ್ತಕ್ಕೂ ಹೆಚ್ಚು ಸಭೆಗಳಿದ್ದವು. ಅವರ ಒಂದು ಮಾತಿನ ಮೇಲೆ ನಮ್ಮಂಥವರ ಮುಂದಿನ ಊರು ನಿಶ್ಚಯವಾಗುತ್ತಿತ್ತು. ಸ್ತೋತ್ರದ ಹೊತ್ತಿನಲ್ಲಿ ತಿಪ್ಪಮ್ಮ ಎಂಬ ಹೆಂಗಸು ಎದ್ದಳು. ಕರು ಅಡ್ಡ ತಿರುಗಿ ಅವಳ ಎಮ್ಮೆ ಸಾಯುವ ಸ್ಥಿತಿಗೆ ಹೋಗಿ ಬದುಕಿಕೊಂಡಿತ್ತು. ಎಮ್ಮೆಗೆ ನಾನು ಮಾದರಿ ಬರೆದಿರಲಿಲ್ಲ. ಪಕ್ಕದ ಮನೆಯವರು ಮಗನ ಪರೀಕ್ಷೆಗಾಗಿ ಕಲಿಯುತ್ತಿದ್ದ ಮಾದರಿಯನ್ನು ಅವಳು ಗೋಡೆಯಾಚೆಯಿಂದ ಕೇಳಿ ಕಲಿತಿದ್ದಳು. ಕೈಮುಗಿದು, ಕಣ್ಣುಮುಚ್ಚಿ, ಒಂದಕ್ಷರ ತಪ್ಪದೆ ಹೇಳಿದಳು: "ಕೃಪಾಸಾಗರನಾದ ದೇವರೇ, ಅಯೋಗ್ಯಳಾದ ನನ್ನ ಕರೆಮ್ಮಿಯು ಪ್ರಥಮ ದರ್ಜೆಯಲ್ಲಿ ಉತ್ತೀರ್ಣವಾಗುವಂತೆ ಅನುಗ್ರಹಿಸಿದ್ದಕ್ಕಾಗಿ ಹೃತ್ಪೂರ್ವಕ ಕೃತಜ್ಞತೆಗಳನ್ನು ಅರ್ಪಿಸುತ್ತೇನೆ."

ಸಭೆಯಲ್ಲಿ ಯಾರೂ ನಗಲಿಲ್ಲ. ಅಯ್ಯನವರ ಭಾಷೆ ಹೀಗೆಯೇ ಇರುತ್ತದೆಂದು ಎಲ್ಲರೂ ನಂಬಿದ್ದರು. ಪ್ರಭುದಾಸಪ್ಪನವರು ಮಾತ್ರ ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಅವರು ಭಾವಪರವಶರಾದರೆಂದು ನಾನು ತಿಳಿದೆ. ಊಟಕ್ಕೆ ಕುಳಿತಾಗ ಅವರು, "ಸುಧಾಕರ, ಹತ್ತು ಮಂದಿ ಸ್ತೋತ್ರ ಹೇಳಿದ್ರು. ನನಗ ಒಬ್ಬಾಂವs ಹತ್ತು ಸಲ ಹೇಳ್ದಂಗ ಕೇಳ್ತು" ಎಂದರು. ನಾನು ಆ ರಾತ್ರಿ ದಿನಚರಿಯಲ್ಲಿ, ಸಭೆಯ ಏಕರೂಪತೆಯನ್ನು ಮೇಲ್ವಿಚಾರಕರು ಮೆಚ್ಚಿದರು ಎಂದು ಬರೆದುಕೊಂಡೆ. ಆ ದಿನಚರಿ ಈಗಲೂ ನನ್ನಲ್ಲಿದೆ. ತರುಣರಿಗೆ ತೋರಿಸುವುದಿಲ್ಲ.

ಇದೇ ಕಾಲದಲ್ಲಿ ನನಗೊಂದು ಪ್ರಸಂಗ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆ, ಸಿದ್ಧಿಸಿತ್ತು. ಕೃಪೆಯ ವಿಷಯವಾಗಿ ಬೋಧಿಸುವಾಗಲೆಲ್ಲ ನನ್ನದೇ ಬಾಲ್ಯವನ್ನು ಉದಾಹರಿಸುತ್ತಿದ್ದೆ. ಬಡ ಕೂಲಿಯ ಮಗನಾದ ನಾನು ವಿದ್ಯೆಗಾಗಿ ಹಂಬಲಿಸಿ, ನಮ್ಮೂರ ಬೀದಿದೀಪದ ಕೆಳಗೆ ಕುಳಿತು ಓದಿದೆ. ಆ ಶ್ರದ್ಧೆಯನ್ನು ಕಂಡು ದೇವರು ನನ್ನನ್ನು ರಾಯಚೂರಿನ ಬೋರ್ಡಿಂಗ್ ಶಾಲೆಗೂ ಅಲ್ಲಿಂದ ಪದವಿಗೂ ಏರಿಸಿದನು. ಹೀಗೆ ಹೇಳುವಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಕಣ್ಣು ತೇವವಾಗುತ್ತಿತ್ತು. ಶ್ರದ್ಧೆಗೆ ಸಿಕ್ಕಿದ್ದು ಕೂಲಿಯಾಗುತ್ತದೆ, ಕೃಪೆಯಾಗುವುದಿಲ್ಲ ಎಂಬ ಸಾಮಾನ್ಯ ಸಂಗತಿ, ದೈವಶಾಸ್ತ್ರ ಓದಿ ಬಂದಿದ್ದ ನನಗೆ ಹೊಳೆಯಲಿಲ್ಲ.

ದೇವದುರ್ಗಕ್ಕೆ ವರ್ಗವಾದ ಮೇಲೆ ಅಲ್ಲಿಯೂ ಆ ಪ್ರಸಂಗ ಮಾಡಿದೆ. ಆರಾಧನೆ ಮುಗಿದು ಬಾಗಿಲಲ್ಲಿ ಎಲ್ಲರ ಕೈಕುಲುಕುತ್ತಿರುವಾಗ ಲೈನ್‌ಮನ್ ಅಬ್ರಹಾಮಪ್ಪ ನನ್ನ ಕೈಯನ್ನು ಬಿಡದೆ ನಿಂತ.

"ಅಯ್ಯನವರ, ಪ್ರಸಂಗ ಭಾಳ ಚೊಲೋ ಆತ್ರಿ. ಒಂದ ಸಂಶೇ. ನಿಮ್ಮೂರಿಗಿ ಕಂಬ ನೆಟ್ಟಾಂವ ನಾನs. ಅದೂ ಹ್ವಾದ ವರ್ಷ. ನೀವು ಸಣ್ಣಾರಿದ್ದಾಗ ಯಾವ ಕಂಬದ ಕೆಳಗ ಓದಿದ್ರಿ?"

ಅದು ಆಧ್ಯಾತ್ಮಿಕ ಅರ್ಥದಲ್ಲಿ ಹೇಳಿದ ದೀಪವೆಂದು ನಾನು ಉತ್ತರಿಸಿದೆ. ಅಬ್ರಹಾಮಪ್ಪ ಗಂಭೀರವಾಗಿ ತಲೆದೂಗಿ, "ಹಂಗಾರ ಬಿಲ್ಲು ಬಂದಿರಾಕಿಲ್ಲ ಬಿಡ್ರಿ" ಎಂದು ಹೇಳಿ ಹೋದ. ಮುಂದಿನ ತಿಂಗಳಿನಿಂದ ನನ್ನ ಪ್ರಸಂಗದಲ್ಲಿ ಬೀದಿದೀಪದ ಜಾಗಕ್ಕೆ ಕಂದೀಲು ಬಂದಿತು.

ನಮ್ಮೂರು ದೇವದುರ್ಗದಿಂದ ಎರಡು ಹರಿದಾರಿ. ಹೊಲದ ಕೆಲಸ ಬಿಡುವಾದ ಮೊದಲ ಭಾನುವಾರವೇ ನಮ್ಮಪ್ಪ ನಡೆದುಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕುಳಿತ. ಅವನ ಹೆಸರು ಯೋಹಾನಪ್ಪ. ಊರಗೌಡರ ಹೊಲದಲ್ಲಿ ದುಡಿದು ಬೆನ್ನು ಬಾಗಿದ್ದವನು. ಸ್ತೋತ್ರದ ಹೊತ್ತು ಬಂದಾಗ ಥಟ್ಟನೆ ಎದ್ದು ನಿಂತ. ಅಲ್ಲಿಯೂ ನಾನು ಜಾರಿಗೆ ತಂದಿದ್ದ ಪುಸ್ತಕದಲ್ಲಿ ಅವನ ಹೆಸರು ಇರಲಿಲ್ಲ. ಪಟ್ಟಿಯಲ್ಲಿರುವವರು ಮಾತ್ರ ಮಾತನಾಡಬೇಕೆಂದು ನಾನು ಎಲ್ಲರನ್ನೂ ಉದ್ದೇಶಿಸಿದವನಂತೆ ಹೇಳಿದೆ. ಅಪ್ಪ ತಪ್ಪು ತನ್ನದೇ ಎಂಬಂತೆ ಕುಳಿತುಕೊಂಡ.

ಮಧ್ಯಾಹ್ನ ಮನೆಯಲ್ಲಿ, ತಾವು ಯಾವ ವಿಷಯವನ್ನು ಪ್ರಸ್ತಾಪಿಸಬೇಕೆಂದಿದ್ದಿರಿ ಎಂದು ವಿಚಾರಿಸಿದೆ. ಆ ಹೊತ್ತಿಗೆ ನಾನು ಹೆತ್ತವರೊಡನೆಯೂ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ. ನಾನು ಮಾತನಾಡಿಸಿದಾಗ ಅಪ್ಪ, ಹಿಂದೆ ಯಾರಾದರೂ ಅಧಿಕಾರಿ ಬಂದು ನಿಂತಿದ್ದಾರೆಯೇ ಎಂದು ತಿರುಗಿ ನೋಡುತ್ತಿದ್ದ. ನಾನು ಬೋರ್ಡಿಂಗಿನಲ್ಲಿದ್ದಾಗ ಅವನೊಂದು ಮಾತು ಕೊಟ್ಟಿದ್ದನಂತೆ. ಮಗ ಓದಿ ಒಂದು ದಡ ಸೇರಿದರೆ, ಸಭೆಯ ಮುಂದೆ ನಿಂತು, ನಡೆದದ್ದನ್ನು ನಡೆದಂತೆ ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸುತ್ತೇನೆಂದು.

"ನಡೆದದ್ದು ಎಂದರೆ?" ಎಂದೆ.

"ನೀ ಮೂರು ಸಲ ಓಡಿ ಬಂದದ್ದು. ಮ್ಯಾಲಿನಾತ ಮೂರು ಸಲ ಹೊಳ್ಳಿ ಕಳಿಸಿದ್ದು. ಮತ್ತೇನದ ಹೇಳಾಕ?"

ಇಲ್ಲಿ ಸತ್ಯವನ್ನು ಹೇಳಿಬಿಡುತ್ತೇನೆ. ವಿದ್ಯೆಗಾಗಿ ನಾನು ಹಂಬಲಿಸಿರಲಿಲ್ಲ. ಬೋರ್ಡಿಂಗಿನಿಂದ ಮೂರು ಸಲ ಓಡಿ ಊರಿಗೆ ಬಂದಿದ್ದೆ. ಯಾರೂ ಹಿಂಸಿಸಿದ್ದರಿಂದಲ್ಲ, ಬೆಳಗಿನ ತಣ್ಣೀರ ಸ್ನಾನ ಮತ್ತು ಮಗ್ಗಿ, ಇವೆರಡು ನನಗೆ ಆಗುತ್ತಿರಲಿಲ್ಲ. ಮೂರನೆಯ ಸಲ ಶಾಲೆಯವರು ಹೆಸರು ತೆಗೆದುಹಾಕಿದರು. ಹೇಗೋ ಮತ್ತೆ ಸೇರಿಸಿಕೊಂಡರು. ಹೇಗೆಂದು ನಾನು ಎಂದೂ ಕೇಳಿರಲಿಲ್ಲ. ಅಪ್ಪ ಎದ್ದು ನಿಂತು ಇದನ್ನು ಹೇಳಿದರೆ ನನ್ನ ಕಂದೀಲು ಆರಿಹೋಗುತ್ತಿತ್ತು.

ಆದುದರಿಂದ ಮುಂದೂಡಿದೆ. ಮುಂದಿನ ವಾರ ಪಟ್ಟಿ ಭರ್ತಿಯಾಗಿದೆ ಎಂದೆ. ಅದರ ಮುಂದಿನ ತಿಂಗಳು ಅತಿಥಿ ಬೋಧಕರು ಬರುತ್ತಾರೆ ಎಂದೆ. ಆಮೇಲೆ ಅವಸರವೇನು, ಬೆಳೆಹಬ್ಬಕ್ಕೆ ಇಟ್ಟುಕೊಳ್ಳೋಣ ಎಂದೆ. ಬೆಳೆಹಬ್ಬಕ್ಕೆ ಆರಾಧನೆ ದೀರ್ಘವಾಯಿತೆಂದೆ. ಅಪ್ಪ ಒಮ್ಮೆಯೂ ಎದುರಾಡಲಿಲ್ಲ. ಆದರೆ ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಎಲ್ಲರೂ ಮುಂದೆ ಬಂದು ಮೊಣಕಾಲೂರಿದಾಗ, ಅವನೊಬ್ಬ ಬೆಂಚಿನಲ್ಲಿಯೇ ಉಳಿದ. ನಾನು ರೊಟ್ಟಿಯ ತಟ್ಟೆ ಹಿಡಿದು ಅವನತ್ತ ನೋಡಿದೆ. ಅವನು ನೆಲ ನೋಡುತ್ತಿದ್ದ. ಮನೆಗೆ ಬಂದ ಮೇಲೆ ಕಾರಣ ಕೇಳಿದೆ.

"ಆತಗ ಹೇಳೋದು ಹೇಳ್ದs ಆತನ ಪಂಕ್ತ್ಯಾಗ ಹ್ಯಾಂಗ ಕುಂದರ್ಲಿ?" ಎಂದ ಅಪ್ಪ. "ನೀ ಯಾವತ್ತ ಹೇಳು ಅಂತಿ, ಅವತ್ತ ಉಣ್ತೀನಿ."

ಸಿಟ್ಟಿನಿಂದ ಹೇಳಿದ್ದರೆ ನಾನು ವಾದಿಸುತ್ತಿದ್ದೆ. ಅವನು ಹವಾಮಾನ ಹೇಳಿದಂತೆ ಹೇಳಿದ. ಮುಂದಿನ ತಿಂಗಳೂ ಹಾಗೆಯೇ ಆಯಿತು. ಅದರ ಮುಂದಿನ ತಿಂಗಳೂ. ಪಾಲಕನ ತಂದೆಯೇ ಪಂಕ್ತಿಗೆ ಬರುವುದಿಲ್ಲವೆಂದರೆ ಸಭೆ ಸುಮ್ಮನಿರುತ್ತದೆಯೇ? ಮುದುಕನಿಗೆ ಏನೋ ಗುಪ್ತ ಪಾಪವಿರಬೇಕೆಂದರು. ಕೊನೆಗೆ ಕುಡಿಯುತ್ತಾನೆಂದು ನಿರ್ಧರಿಸಿದರು. ಒಬ್ಬ ಹಿರಿಯರು ನನ್ನನ್ನೇ ಬದಿಗೆ ಕರೆದು ವಿಚಾರಿಸಿದಾಗ ನಾನು ಇಲ್ಲವೆನ್ನಲಿಲ್ಲ. "ಅವರಿಗಾಗಿ ಪ್ರಾರ್ಥಿಸಿರಿ" ಎಂದೆ. ನನ್ನ ವೃತ್ತಿಜೀವನದಲ್ಲಿ ನಾನಾಡಿದ ಅತ್ಯಂತ ಕೆಟ್ಟ ವಾಕ್ಯ ಅದು. ಅದರಲ್ಲಿ ಒಂದೂ ವ್ಯಾಕರಣದೋಷವಿರಲಿಲ್ಲ.

ಅಪ್ಪನ ಪರವಾಗಿ ಮಾತನಾಡಿದವರು ನಮ್ಮ ಸಭೆಯವರಲ್ಲ. ದೇವದುರ್ಗದ ಬಸ್ ನಿಲ್ದಾಣದ ಎದುರು ಖಾಜಾಸಾಬರ ಚಹಾದ ಅಂಗಡಿ. ಒಂದು ದಿನ ನಾನು ಬಸ್ಸಿಗೆ ಕಾಯುತ್ತಿದ್ದಾಗ ಅವರು ಕರೆದು ಕೂರಿಸಿದರು.

"ನಿಮ್ಮ ಅಬ್ಬಾ ಕುಡಿತಾರ ಅಂತ ಯಾರೋ ಅಂದ್ರು. ಐತವಾರಕ್ಕ ಇಲ್ಲೇ ಕುಂದರ್ತಾರ. ಖಾಲಿ ಚಾ. ನಿಮ್ಮ ಬೋರ್ಡಿಂಗಿನ ಕತಿ ನನಗ ಹತ್ತು ಸಲ ಹೇಳ್ಯಾರ. ನಿಮ್ಮ ಗುಡಿಯಾಗ ಹೇಳಾಕ ಇನ್ನಾ ಮಂಜೂರಾಗಿಲ್ಲಂತ." ಅವರು ಗಾಜಿನ ಲೋಟ ತೊಳೆಯುತ್ತ, ನನ್ನ ಮುಖ ನೋಡದೆ ಕೇಳಿದರು: "ದೇವ್ರಿಗೆ ಶುಕರ್ ಹೇಳಾಕೂ ಅರ್ಜಿ ಕೊಡಬೇಕೇನ್ರೀ ಪಾಸ್ಟರ್ ಸಾಬ್?"

ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವವರೆಲ್ಲರಿಗೂ ನನ್ನ ರಹಸ್ಯ ಗೊತ್ತಿತ್ತೆಂದು ಆಗ ತಿಳಿಯಿತು. ನಾನು ಮೂರು ಬೀಗ ಹಾಕಿ ಕಾಯುತ್ತಿದ್ದ ಮನೆಗೆ ಹಿಂದಿನ ಗೋಡೆಯೇ ಇರಲಿಲ್ಲ. ಬುದ್ಧಿಯುಳ್ಳವನು ಅಂದೇ ಸೋಲೊಪ್ಪುತ್ತಿದ್ದ. ನಾನು ವರ್ಗಾವಣೆಗೆ ಅರ್ಜಿ ಬರೆದೆ.

ರಾಯಚೂರಿನ ಸಭೆ ದೊಡ್ಡದು. ಕಾಲೇಜಿನ ಉಪನ್ಯಾಸಕರು, ಆಸ್ಪತ್ರೆಯ ದಾದಿಯರು, ಶಕ್ತಿನಗರದಿಂದ ಬರುವ ತಂತ್ರಜ್ಞರು ಅದರಲ್ಲಿದ್ದರು. ಅಲ್ಲಿ ಮೈಕು ಇತ್ತು. ಮೈಕು ಬಂದ ಮೇಲೆ ನಮ್ಮ ವೃತ್ತಿಯಲ್ಲಿ ಆದ ದೊಡ್ಡ ಬದಲಾವಣೆಯೆಂದರೆ, ಮೊದಲು ಮೂರು ಬೆಂಚಿಗೆ ಕೇಳುತ್ತಿದ್ದ ತಪ್ಪು ಈಗ ರಸ್ತೆಯವರೆಗೆ ಕೇಳುತ್ತದೆ. ಅಪ್ಪ ತಿಂಗಳಿಗೊಮ್ಮೆ, ಮೊದಲ ಭಾನುವಾರಕ್ಕೆ ಸರಿಯಾಗಿ, ಬಸ್ಸಿನಲ್ಲಿ ಬರುತ್ತಿದ್ದ. ಬಂದು ಕುಳಿತು, ಎಲ್ಲರೂ ಉಣ್ಣುವುದನ್ನು ನೋಡಿ, ಮರುದಿನ ಹೋಗುತ್ತಿದ್ದ. ಹೀಗೆ ದೇವದುರ್ಗದ್ದೂ ಇಲ್ಲಿಯದೂ ಸೇರಿ ನಾಲ್ಕು ವರ್ಷ ತುಂಬಿತು.

ಆ ವರ್ಷ ಅವನಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ಹೃದಯ ದುರ್ಬಲವಾಗಿದೆ, ಬಸ್ಸಿನ ಪ್ರಯಾಣ ಇನ್ನು ಸಾಕು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸುಗುಣ, ಅದುವರೆಗೆ ನನ್ನ ವೃತ್ತಿಯ ವಿಷಯದಲ್ಲಿ ಬಾಯಿ ಹಾಕದಿದ್ದವಳು, ಅಕ್ಕಿ ಆರಿಸುತ್ತಲೇ ಹೇಳಿದಳು:

"ಮಾವ ಇನ್ನೆಷ್ಟು ಸಲ ಬರ್ತಾರೋ ಗೊತ್ತಿಲ್ರಿ. ನಿಮ್ಮ ಮಾನ ಉಳೀಲಿ ಅಂತ ಅವ್ರನ್ನ ದೇವರ ಪಂಕ್ತಿಯಿಂದ ಎಬ್ಬಿಸೀರಿ. ಸ್ತೋತ್ರ ಅವ್ರದು. ಪುಸ್ತಕ ನಿಮ್ಮದು. ಯಾವ್ದು ದೊಡ್ಡದು, ನೀವs ಓದಿದವ್ರು, ಹೇಳ್ರಿ."

ನಾನು ಪುಸ್ತಕ ತೆಗೆದು ಬೆಳೆಹಬ್ಬದ ಪಟ್ಟಿಯಲ್ಲಿ ಅಪ್ಪನ ಹೆಸರನ್ನು ಮೊದಲನೆಯದಾಗಿ ಬರೆದೆ. ಒಳ್ಳೆಯ ಕೆಲಸ ಮಾಡಿದೆನೆಂದು ತರುಣರು ಮೆಚ್ಚುವ ಮುನ್ನ ಉಳಿದದ್ದನ್ನೂ ಹೇಳಬೇಕು. ಪರದೇಶದ ಅತಿಥಿಗಳು ಮಾತನಾಡುವಾಗ ಪಕ್ಕದಲ್ಲಿ ನಿಂತು ವಾಕ್ಯವಾಕ್ಯವಾಗಿ ಭಾಷಾಂತರಿಸುವುದು ನಮ್ಮ ವೃತ್ತಿಯ ರೂಢಿ. ನಗರದ ವಿದ್ಯಾವಂತರಿಗೆ ದೇವದುರ್ಗದ ಹಳ್ಳಿಯ ಮಾತು ಸ್ಪಷ್ಟವಾಗಲಿಕ್ಕಿಲ್ಲ, ಆದುದರಿಂದ ಅಪ್ಪನ ಪಕ್ಕದಲ್ಲಿ ನಾನು ನಿಂತು ಅದನ್ನು ಶಿಷ್ಟ ಕನ್ನಡಕ್ಕೆ ತರುತ್ತೇನೆಂದು ನಿರ್ಧರಿಸಿದೆ. ಕನ್ನಡದಿಂದ ಕನ್ನಡಕ್ಕೆ ಭಾಷಾಂತರ ಮಾಡಿದ ಸಭಾಪಾಲಕ ನಮ್ಮ ಜಿಲ್ಲೆಯಲ್ಲಿ ಬೇರೊಬ್ಬನಿರಲಾರನು.

ಬೆಳೆಹಬ್ಬದ ಭಾನುವಾರ ಕರ್ತನ ಭೋಜನ ನಡೆಸಿಕೊಡಲು ಪ್ರಭುದಾಸಪ್ಪನವರೇ ಬಂದಿದ್ದರು. ನಾನು ಅಪ್ಪನನ್ನು ಮೈಕಿನ ಮುಂದೆ ನಿಲ್ಲಿಸಿ ಪಕ್ಕದಲ್ಲಿ ನಿಂತೆ.

"ಎಲ್ಲಾರಿಗೂ ಶರಣ್ರಿ. ನಾ ಓದಿದಾಂವಲ್ಲ. ಇಂವ ನನ್ನ ಮಗ," ಎಂದ ಅಪ್ಪ.

"ಸಮಸ್ತರಿಗೂ ವಂದನೆಗಳು. ನಾನು ನಿರಕ್ಷರಿ. ಇವರು ನನ್ನ ಸುಪುತ್ರರು," ಎಂದೆ ನಾನು.

"ಬೋರ್ಡಿಂಗಿಗೆ ಹಾಕಿ ಎಂಟು ದಿನ ಆಗಿದ್ದಿಲ್ಲ, ಇಂವ ಓಡಿ ಬಂದ."

"ಅವರು ಎಂಟು ದಿನಗಳೊಳಗೆ ಸ್ವಗ್ರಾಮಕ್ಕೆ ಭೇಟಿ ನೀಡಿದರು."

ಅಪ್ಪ ನನ್ನತ್ತ ತಿರುಗಿದ. "ಭೇಟಿ ಎಲ್ಲೀದೋ. ಎಮ್ಮಿ ಕೊಟ್ಟಿಗ್ಯಾಗ ಹೊಕ್ಕೊಂಡು ಕುಂತಿದ್ದಿ."

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ನಾನು ಧೈರ್ಯಗೆಡದೆ, "ಪಶುಗಳಲ್ಲಿ ಅವರಿಗೆ ಅಪಾರ ಪ್ರೀತಿ" ಎಂದೆ. ನಗು ಮುಂದಿನ ಬೆಂಚಿಗೂ ಬಂದಿತು. ಪ್ರಭುದಾಸಪ್ಪನವರು ತಮ್ಮ ಕುರ್ಚಿಯಿಂದಲೇ, "ಸುಧಾಕರ, ನಮಗ ಕನ್ನಡ ತಿಳೀತದಪ್ಪ. ನೀ ಕುಂದ್ರು" ಎಂದರು. ನಾನು ಕುಳಿತುಕೊಳ್ಳಲಿಲ್ಲ. ಅಲ್ಲಿಯೇ ಕಂಬದಂತೆ ನಿಂತೆ. ಅಪ್ಪ ಮುಂದುವರಿದ.

"ಮೂರನೇ ಸಲ ಹೆಸರು ತಗದ್ರು. ನಾ ಗೇಟಿನ ಹೊರಗ ಕುಂತೆ. ಸುಮ್ನ ಕುಂತ್ರ ಬೇಡಾಕ ಬಂದಾನ ಅಂದಾರು ಅಂತ, ಕಸಬರಿಗಿ ಕೇಳಿ ಇಸಗೊಂಡು ಅಂಗಳ ಕಸ ಹೊಡದೆ. ಏಳು ದಿನ ಹೊಡದೆ. ಎಂಟನೇ ದಿನ ಮುಖ್ಯಸ್ಥ ಸಾಹೇಬ್ರು ಹೊರಗ ಬಂದು, ಏನ್ ಬೇಕೋ ಯಪ್ಪಾ ಅಂದ್ರು. ಕೇಳಾಕ ನನಗೇನ ಹಕ್ಕಿತ್ರಿ? ಮಗ ಓದಾಂವಲ್ಲ. ಅಪ್ಪ ಕೊಡಾಂವಲ್ಲ. ಬಾಯಿಗೆ ಮಾತs ಬರ್ಲಿಲ್ಲ. ಅವ್ರು ನನ್ನ ಮಾರಿ ನೋಡಿದ್ರು, ಗೇಟ ತಗದ್ರು."

ಇದು ನನಗೆ ಗೊತ್ತಿರಲಿಲ್ಲ. ಆ ಏಳು ದಿನ ನಾನು ಊರಿನಲ್ಲಿ ಅವ್ವನ ಬಳಿ ಇದ್ದೆ. ಅಪ್ಪ ಕೂಲಿಗೆ ಹೋಗಿದ್ದಾನೆಂದು ತಿಳಿದಿದ್ದೆ. ನಾಲ್ಕು ವರ್ಷ ನಾನು ಮುಚ್ಚಿಟ್ಟದ್ದು ನನ್ನ ಓಟವನ್ನೆಂದು ಭಾವಿಸಿದ್ದೆ. ಮುಚ್ಚಿಟ್ಟದ್ದು ಅವನ ಕಸಬರಿಗೆಯನ್ನು.

"ಇಂವಗ ಸಾಲಿ ಬ್ಯಾಡಾಗಿತ್ತು," ಎಂದ ಅಪ್ಪ. "ಖರೆ ಹೇಳ್ಬೇಕಂದ್ರ ನನಗೂ ಸಾಕಾಗಿತ್ತು. ಆತಗ ಬೇಕಾಗಿತ್ತು. ಅದನ್ನ ಹೇಳಬೇಕಂತ ಇಷ್ಟು ದಿನ ಕುಂತಿದ್ದೆ. ಹೇಳಿದೆ. ಯಪ್ಪಾ ದೇವ್ರೇ, ನಿನಗ ಸ್ತೋತ್ರ."

ಕೃಪೆಯ ವಿಷಯವಾಗಿ ನಾನು ಬರೆದಿಟ್ಟಿದ್ದ ಪ್ರಸಂಗಗಳು ಒಂದು ಪೆಟ್ಟಿಗೆ ತುಂಬ ಇದ್ದವು. ಅಷ್ಟರಲ್ಲೂ ಇಲ್ಲದ ಮಾತು ಅದು. ಭಾಷಾಂತರ ಮಾಡಲು ನನಗೆ ಏನೂ ಉಳಿದಿರಲಿಲ್ಲ. ಅಪ್ಪ ಹೋಗಿ ಕುಳಿತ ಮೇಲೆ ಪಟ್ಟಿಯಲ್ಲಿದ್ದ ಮುಂದಿನ ಹೆಸರನ್ನು ಕೂಗಬೇಕಾಗಿತ್ತು. ನಾನು ಕೂಗುವ ಮೊದಲೇ ಪಟ್ಟಿಯಲ್ಲಿಲ್ಲದ ಒಬ್ಬ ದಾದಿ ಎದ್ದಳು. ಅವಳ ನಂತರ ಶಕ್ತಿನಗರದ ಒಬ್ಬ ವೆಲ್ಡರ್ ಎದ್ದ. ಅವರವರ ಮನೆಯ ಮಾತಿನಲ್ಲಿ ಹೇಳಿದರು. ಅರ್ಧ ತೆಲುಗಿನಲ್ಲಿ ಹೇಳಿದವರೂ ಇದ್ದರು. ನಾನು ಯಾರನ್ನೂ ತಿದ್ದಲಿಲ್ಲ.

ಭೋಜನದ ಹೊತ್ತಿಗೆ ರೊಟ್ಟಿಯ ತಟ್ಟೆ ನನ್ನ ಕೈಯಲ್ಲಿತ್ತು. ಅಪ್ಪ ಪೀಠದ ಮುಂದಿನ ಕಟಕಟೆ ಹಿಡಿದು ನಿಧಾನವಾಗಿ ಮೊಣಕಾಲೂರಿ ಎರಡೂ ಕೈ ಚಾಚಿದ. ರೊಟ್ಟಿ ಕೊಡುವಾಗ ಹೇಳಬೇಕಾದ ಮಾತುಗಳನ್ನು ನಾನು ಸಾವಿರಾರು ಸಲ ಹೇಳಿದ್ದೆ. ಅಂದು ಒಂದು ಶಬ್ದವೂ ನೆನಪಾಗಲಿಲ್ಲ. ಅಪ್ಪ ಕಾದು ನೋಡಿ, ನನಗೆ ಮಾತ್ರ ಕೇಳುವಂತೆ ಹೇಳಿದ:

"ದೊಡ್ಡದು ಮುರಿಯೋ. ನಾಕು ವರ್ಷ ಆತು."

ನಾನು ದೊಡ್ಡದನ್ನೇ ಮುರಿದೆ.

ಆಮೇಲೆ ನಮ್ಮ ಕುಟುಂಬದಲ್ಲಿ ಆದದ್ದು ಇಷ್ಟು. ಅಪ್ಪ ಊರಿಗೆ ಹಿಂತಿರುಗಲಿಲ್ಲ, ಅವ್ವನನ್ನೂ ಕರೆಸಿಕೊಂಡೆವು, ಇಬ್ಬರೂ ರಾಯಚೂರಿನಲ್ಲಿ ನಮ್ಮೊಡನೆಯೇ ಉಳಿದರು. ಅಪ್ಪ ಮತ್ತೆ ಎರಡು ವರ್ಷ ಬದುಕಿದ. ಒಂದು ತಿಂಗಳೂ ಪಂಕ್ತಿ ತಪ್ಪಿಸಲಿಲ್ಲ. ಊರಿನಲ್ಲಿದ್ದ ನನ್ನ ತಂಗಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ನಮ್ಮಲ್ಲಿಟ್ಟು ಓದಿಸಬೇಕೆಂದು ಬಹಳ ದಿನಗಳಿಂದ ಕೇಳುತ್ತಿದ್ದಳು. ಮನೆ ಚಿಕ್ಕದೆಂದು ನಾನು ಒಪ್ಪಿರಲಿಲ್ಲ. ನಿಜವಾಗಿ, ನಮ್ಮೂರ ಮಕ್ಕಳ ಬಾಯಿಗೆ ಹೆದರಿದ್ದೆ. ಆ ಬೇಸಿಗೆಯಲ್ಲಿ ಇಬ್ಬರನ್ನೂ ಕರೆತಂದೆವು. ಹಿರಿಯಳು ಶಿಕ್ಷಕಿಯಾದಳು, ಕಿರಿಯಳು ದಾದಿಯಾದಳು. ನಮ್ಮ ವಂಶದಲ್ಲಿ ಈಗ ಪದವಿ ಪಡೆದವರು ನಾನೊಬ್ಬನೇ ಅಲ್ಲ.